ಬೀಗ ಭದ್ರವಾಗಿದೆ

“ಏ ಮುದುಕಿ, ಏಳು ಮೇಲೆ! ಆ ಕುರ್ಚಿ ನಿಮ್ಮಪ್ಪ ತಂದಿಟ್ಟಿದ್ದಾ?”

ಯಜಮಾನನ ಗದರಿಕೆಗೆ ಅಜ್ಜಿ ಎದ್ದಳು. ಏಳುವುದಕ್ಕೆ ಅವಳು ತೆಗೆದುಕೊಂಡ ಹೊತ್ತಿನಲ್ಲಿ ಒಂದು ಸಣ್ಣ ಕಥೆ ಹೇಳಿ ಮುಗಿಸಬಹುದಿತ್ತು. ಮೊದಲು ಮಂಡಿ ಹಿಡಿದಳು, ಆಮೇಲೆ ಸೊಂಟ ಹಿಡಿದಳು, ಕಡೆಗೆ ಕುರ್ಚಿಯ ಕೈಯನ್ನು ಅಲ್ಲಾಡಿಸಿ ನೋಡಿ, “ನಮ್ಮಪ್ಪ ತಂದಿದ್ರೆ ಇಷ್ಟು ಗಡಗಡ ಅನ್ನೋದನ್ನ ತರ್ತಿರಲಿಲ್ಲ ಸ್ವಾಮಿ,” ಎಂದು ಬಂದು ನಮ್ಮ ಪಕ್ಕ ನೆಲದ ಮೇಲೆ ಕೂತಳು.

ಲಾಂಡ್ರಿಯ ಮುಂದಿನ ಹಾಲಿನಲ್ಲಿ ಅವತ್ತು ಬೆಂಕಿ ಆಫೀಸರ್ ಭಾಷಣ. ಕುರ್ಚಿಗಳೆಲ್ಲ ಯಜಮಾನನ ದೊಡ್ಡ ಮನೆಯವರಿಗೆ, ಅವರ ನೆಂಟರಿಗೆ. ಹೋಟೆಲುಗಳ ಹಾಸುಬಟ್ಟೆ ಒಗೆಯುವ, ಹಿಂಡುವ, ಇಸ್ತ್ರಿ ಮಾಡುವ ನಾವೆಲ್ಲ ನೆಲಕ್ಕೆ. ಬಾಗಿಲಲ್ಲಿ ನಿಂತಿದ್ದ ಕೆಂಪು ಗಾಡಿಯನ್ನೇ ನೋಡುತ್ತ ನಾನು ಎಲ್ಲೋ ತೇಲಿಹೋಗಿದ್ದೆ. ಅಜ್ಜಿಯ ಕಥೆಯ ರಾಕ್ಷಸ ನಾಲಿಗೆ ಚಾಚಿದರೆ ಹೀಗೇ ಇರುತ್ತಿತ್ತೇನೋ.

“ಎಲ್ಲಿದೀಯೇ?” ಅತ್ತಿಗೆ ಮೊಣಕೈಯಿಂದ ತಿವಿದಳು. ತುಂಬಿದ ಬಸುರಿ. ಹೊಟ್ಟೆ ಅಡ್ಡ ಬರುತ್ತದೆಂದು ಇಸ್ತ್ರಿ ಮೇಜಿಗೆ ಓರೆಯಾಗಿ ನಿಂತು ಕೆಲಸ ಮಾಡುತ್ತಿದ್ದಳು. “ನಮ್ಮ ನಾದಿನಿ ಹಾಸು ಮಡಿಸಲ್ಲ, ಮೋಡ ಮಡಿಸ್ತಾಳೆ” ಎಂಬುದು ನನ್ನ ಬಗ್ಗೆ ಅವಳು ಎಲ್ಲರಿಗೂ ಹೇಳುವ ಮಾತು.

ಆಫೀಸರ್ ಒಳ್ಳೆಯವನಂತೆ ಕಂಡ. “ಎಣ್ಣೆಗೆ ಬೆಂಕಿ ಹತ್ತಿದ್ರೆ ನೀರು ಹಾಕ್ಬೇಡಿ, ಮುಚ್ಚಿ. ಹೊಗೆ ತುಂಬಿದ್ರೆ ನೆಲ ಹಿಡಿದು ತೆವಳಿ. ಗಾಡಿಗೆ ಫೋನ್ ಮಾಡಿದಾಗ ಗಾಬರೀಲಿ ಇಟ್ಟುಬಿಡ್ಬೇಡಿ, ಅವರು ಕೇಳಿದ್ದಕ್ಕೆಲ್ಲ ಉತ್ತರ ಕೊಡಿ. ಎದ್ದು ಕಾಣೋ ಗುರುತು ಹೇಳಿ. ರಸ್ತೆ ಬಾಯಲ್ಲಿ ಒಬ್ಬರು ನಿಂತು ಕೈ ಬೀಸಿ. ಮುಖ್ಯವಾಗಿ, ದಾರಿ ಬಿಟ್ಟಿರಿ. ಬೆಂಕಿ ಗಾಡಿ ಆಗಲಿ, ಆಂಬ್ಯುಲೆನ್ಸ್ ಆಗಲಿ, ಹಾರಿಕೊಂಡು ಬರಲ್ಲ.”

ಎಲ್ಲರೂ ನಕ್ಕರು. ಯಜಮಾನ ಎಲ್ಲರಿಗಿಂತ ಜೋರಾಗಿ ನಕ್ಕ.

ಅಜ್ಜಿ ಕೈ ಎತ್ತಿದಳು. “ಸ್ವಾಮಿ, ನಮ್ಮ ಓಣಿಗೆ ಗಾಡಿ ಬರತ್ತಾ?”

“ದಾರಿ ಇದ್ರೆ ಯಾಕೆ ಬರಲ್ಲಮ್ಮ?”

“ದಾರಿ ಇದೆ. ದಾರಿಗೊಂದು ಗೇಟಿದೆ. ಗೇಟಿಗೊಂದು ಬೀಗ ಇದೆ. ಬೀಗದ ಕೈ ಇವರ ಸೊಂಟದಲ್ಲಿದೆ.”

ಯಜಮಾನನ ನಗು ಮುಖದಲ್ಲೇ ಅಂಟಿಕೊಂಡಿತು. “ಬಿಡಿ ಸಾರ್. ಗೇಟು ತೆಗೆದಿಟ್ರೆ ಈ ಕಳ್ಳಮುಂಡೇವು ಒಂದು ಹಾಸೂ ಉಳಿಸಲ್ಲ. ನೀವು ಹೇಳ್ತಿರೋದು ಇಲ್ಲಿ ವಾಸ ಇರೋರಿಗೆ. ಇವರು ಕೆಲಸದೋರು.”

ಕಿಟಕಿಯಿಂದ ಗೇಟು ಕಾಣುತ್ತಿತ್ತು. ಆಫೀಸರ್ ಆ ಕಡೆ ನೋಡಿದ. “ನೋಡಿ, ಅದೊಂದು ಸ್ವಲ್ಪ...” ಎಂದ. ಅಷ್ಟರಲ್ಲಿ ಶರಬತ್ತಿನ ಲೋಟ ಬಂತು. ಕುಡಿದ. ಕೆಲಸಗಾರರಿಗೆ ಸುರಕ್ಷತೆಯ ತರಬೇತಿ ಆಗಿದೆ ಎಂಬ ಕಾಗದಕ್ಕೆ ರುಜು ಹಾಕಿದ. ಕೆಂಪು ಗಾಡಿ ಹೋಯಿತು.

ಲಾಂಡ್ರಿಯ ಹಿಂದೆ ನಮ್ಮ ಓಣಿ. ಎರಡು ಸಾಲು ಮನೆ, ಕೊನೆಯಲ್ಲಿ ಹಾಸು ಒಣಗಿಸುವ ಬಯಲು. ಓಣಿಯ ಬಾಯಿಗೆ ಕಬ್ಬಿಣದ ಗೇಟು. ಸಂಜೆ ಹೋಟೆಲಿನ ವ್ಯಾನು ಬಂದಾಗ ಮಾತ್ರ ಯಜಮಾನ ತಾನೇ ಬಂದು ಅದನ್ನು ತೆಗೆಯುತ್ತಾನೆ. ನಮಗೆ ಪಕ್ಕದಲ್ಲೊಂದು ದಿಡ್ಡಿ. ತಲೆ ಬಗ್ಗಿಸಿ, ಮೈ ಓರೆ ಮಾಡಿ ನುಸುಳಬೇಕು. ಓಣಿಗೆ ಹೆಸರಿಲ್ಲ. ಯಾರು ಕೇಳಿದರೂ ನಾವು ಹೇಳುವುದು, “ದೊಡ್ಡ ಮನೆ ಹಿಂದೆ.”

ಸೋಪು ಕಲಸುತ್ತಿದ್ದ ಚಿಕ್ಕಪ್ಪನಿಗೆ ಎದೆನೋವು ಬಂದಾಗ ಆಂಬ್ಯುಲೆನ್ಸಿನವರಿಗೂ ಹಾಗೇ ಹೇಳಿದ್ದೆವು. ಗಾಡಿ ನೇರವಾಗಿ ದೊಡ್ಡ ಮನೆಯ ಮುಂಬಾಗಿಲಿಗೆ ಹೋಯಿತು. “ಇಲ್ಲಿ ಯಾರಿಗೂ ಏನೂ ಆಗಿಲ್ಲ, ಹೋಗ್ರಯ್ಯ” ಎಂದು ಕಾವಲುಗಾರ ಕಳಿಸಿಬಿಟ್ಟ. ಅದು ಸುತ್ತಿ ಬಳಸಿ ಓಣಿಗೆ ಬಂದಾಗ ಗೇಟಿಗೆ ಬೀಗ. ನಮ್ಮಲ್ಲಿ ಕಾಯಿಲೆಯವರನ್ನು ಮನೆಯ ಬಾಗಿಲು ಕಳಚಿ ಅದರ ಮೇಲೆ ಮಲಗಿಸಿ ಹೊರುವುದು ವಾಡಿಕೆ. ಅದಕ್ಕೇ ಯಾರ ಮನೆಯ ಬಾಗಿಲಿಗೂ ಮೊಳೆ ಬಿಗಿದಿಲ್ಲ. ಕೀಲಿಗೆ ಸೋಪು ಸವರಿ ಸುಮ್ಮನೆ ಕೂರಿಸಿರುತ್ತೇವೆ. ಆದರೆ ಬಾಗಿಲು ದಿಡ್ಡಿಯಲ್ಲಿ ಹಿಡಿಯಬೇಕಲ್ಲ? ಚಿಕ್ಕಪ್ಪನನ್ನು ಹಾಸಿನ ಹಾಗೆ ಮಡಿಸಿ ದಾಟಿಸಿದೆವು. ಆ ಕಡೆ ಬಿಡಿಸಿದಾಗ ಅವನಿರಲಿಲ್ಲ.

ಆಫೀಸರ್ ಬಂದುಹೋದ ವಾರದಲ್ಲೇ, ಊಟವಾದ ಹೊತ್ತಿನಲ್ಲಿ, ಅತ್ತಿಗೆ ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು ಮೇಜು ಹಿಡಿದುಕೊಂಡಳು. ಕಾಲ ಬಳಿ ನೀರು, ನೀರಿನಲ್ಲಿ ರಕ್ತ.

“ಆ ನಿಮ್ಮಣ್ಣ ಎಲ್ಲೇ? ಹಾಳಾದೋನು! ಬಾಯ್ಲರನ್ನೇ ಕಟ್ಕೋಬೇಕಿತ್ತು ಅವನು!”

ಅಣ್ಣ ಮಸಿ ಮುಖದಲ್ಲೇ ಓಡಿಬಂದ. ಅವಳನ್ನು ಮನೆಯಲ್ಲಿ ಮಲಗಿಸಿದೆವು. ರಕ್ತ ನಿಲ್ಲುತ್ತಿರಲಿಲ್ಲ. ನಾನು ಆಂಬ್ಯುಲೆನ್ಸಿಗೆ ಫೋನ್ ಹಚ್ಚಿದೆ. ಆ ಕಡೆಯ ಹೆಂಗಸು ಎಲ್ಲಿ ಎಂದು ಕೇಳಿದಾಗ ನಾಲಿಗೆ ಅದರಷ್ಟಕ್ಕೆ ‘ದೊಡ್ಡ ಮನೆ...’ ಎಂದು ಹೊರಟಿತು. ಕಚ್ಚಿ ಹಿಡಿದೆ.

“ಲಾಂಡ್ರಿಯ ಹೊಗೆಕೊಳವೆ ಕಾಣತ್ತೆ. ಅದರ ಎಡಗಡೆ ಓಣಿ. ಬಾಯಲ್ಲಿ ಒಬ್ಬಳು ಬಿಳಿ ಹಾಸು ಬೀಸ್ತಾ ನಿಂತಿರ್ತಾಳೆ.”

“ಫೋನ್ ಇಡ್ಬೇಡಮ್ಮ. ಮಲಗಿಸಿದೀರಾ? ದಾರಿ ಬಿಟ್ಟಿದೆಯಾ?”

ಫೋನ್ ಕಿವಿಗಿಟ್ಟುಕೊಂಡೇ ಗೇಟಿನ ಕಡೆ ಓಡಿದೆ.

ಬೀಗದ ಕೈ ತರಲು ದಿಡ್ಡಿ ನುಸುಳಿ ಹೋದ ಅಣ್ಣ ಕಾವಲುಗಾರನ ಜೊತೆ ವಾಪಸು ಬಂದ. ಕಾವಲುಗಾರ ಗೇಟಿನ ಆಚೆಯಿಂದಲೇ ಕೈ ಚೆಲ್ಲಿದ. “ಯಜಮಾನ್ರು ಮಲಗಿದಾರೆ. ಎಬ್ಬಿಸಿದ್ರೆ ನನ್ನ ಚರ್ಮ ಸುಲೀತಾರೆ.”

“ಇಲ್ಲಿ ಒಂದು ಜೀವ ಹೋಗ್ತಿದೆ ಕಣೋ ಬೋಳಿಮಗನೆ!”

“ನನ್ನದೂ ಜೀವಾನೇ ಅಲ್ವೇನಣ್ಣ?”

ಅಣ್ಣ ಕಲ್ಲೆತ್ತಿ ಬೀಗಕ್ಕೆ ಜಜ್ಜಿದ. ಬೀಗ ಜಗ್ಗಲಿಲ್ಲ. ಇನ್ನೊಂದೇಟು. ಕಲ್ಲು ಒಡೆಯಿತು.

ಅಜ್ಜಿ ಅಷ್ಟು ಹೊತ್ತು ಅತ್ತಿಗೆಯ ತಲೆ ಸವರುತ್ತ ಕೂತಿದ್ದವಳು ಹೊರಗೆ ಬಂದಳು. ಗೇಟನ್ನು ಒಮ್ಮೆ ಆ ತುದಿಯಿಂದ ಈ ತುದಿಗೆ ನೋಡಿದಳು.

“ಬೀಗ ಒಂದು ಕಡೆ ತಾನೆ ಇರೋದು? ಆ ಕಡೆ ಯಾಕೋ ಸಾಯ್ತೀಯಾ? ಈ ಕಡೆ ಬನ್ರೇ ಹುಡುಗೀರಾ. ಬಾಗಿಲು ಎತ್ತಿ ಗೊತ್ತಿಲ್ವಾ ನಿಮಗೆ?”

ಗೇಟು ಬೀಗದ ಕಡೆ ಸರಪಳಿಯಲ್ಲಿ ಬಿಗಿದಿತ್ತು. ಈ ಕಡೆ ಎರಡು ಕೀಲಿನ ಮೇಲೆ ಕೂತಿತ್ತು, ನಮ್ಮ ಮನೆಯ ಬಾಗಿಲುಗಳ ಹಾಗೆಯೇ. ಯಾರೋ ಸೋಪಿನ ನೀರು ಸುರಿದರು. ಯಾರೋ ಕೆಳಗೆ ಹಾರೆ ಕೊಟ್ಟರು. ಒದ್ದೆ ಹಾಸು ಎತ್ತೀ ಎತ್ತೀ ಕಲ್ಲಾದ ಕೈಗಳು ಒಟ್ಟಿಗೆ ಹಿಡಿದವು.

“ಎತ್ತು!”

“ಅಮ್ಮಾ, ನನ್ನ ಸೊಂಟ!”

“ನಿನ್ನ ಸೊಂಟ ಆಮೇಲೆ ನೋಡೋಣ, ಎತ್ತೇ!”

ಕಿರ್ರ್ ಎಂದು ಹಲ್ಲು ಕಡಿದ ಗೇಟು ಕೀಲು ಬಿಟ್ಟಿತು. ಕೀಲು ಕಳಚಿದ ತುದಿಯನ್ನು ಹೊತ್ತು ಸುತ್ತು ನಡೆದು ಗೋಡೆಗೆ ಒರಗಿಸಿದೆವು. ಓಣಿಗೆ ಬಾಯಿ ಬಂದಿತ್ತು. ಅಷ್ಟು ಅಗಲವಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

ರಸ್ತೆಯಲ್ಲಿ ಹಾಸು ಬೀಸುತ್ತಿದ್ದ ಪಕ್ಕದ ಮನೆ ಅಕ್ಕ ಹಿಂದಕ್ಕೆ ಓಡೋಡಿ ಬಂದಳು. ಅವಳ ಬೆನ್ನಿಗೇ ಗಾಡಿ, ಊರೆಲ್ಲ ಏಳುವ ಹಾಗೆ ಕೂಗುತ್ತ ಬರುತ್ತಿತ್ತು. ಅಜ್ಜಿ ಅಡ್ಡ ನಿಂತು ಕೈ ತೋರಿಸಿದಳು.

“ಸದ್ದು ನಿಲ್ಸಪ್ಪಾ. ಯಜಮಾನ್ರು ಮಲಗಿದಾರೆ.”

ಡ್ರೈವರ್ ಏನೂ ತಿಳಿಯದೆ ನಿಲ್ಲಿಸಿದ. ಗಾಡಿ ಸದ್ದಿಲ್ಲದೆ ನಮ್ಮ ಹೊಸ್ತಿಲ ತನಕ ಬಂತು. ಅತ್ತಿಗೆಯನ್ನು ಮಲಗಿದ್ದ ಹಾಗೆಯೇ ಎತ್ತಿ ಒಳಗಿಟ್ಟರು. ಯಾರೂ ಅವಳನ್ನು ಮಡಿಸಲಿಲ್ಲ.

ಬಿಸಿಲು ಇಳಿಯುವ ಹೊತ್ತಿಗೆ ಅಣ್ಣನ ಫೋನ್ ಬಂತು. ಹೆಣ್ಣು. ಅತ್ತಿಗೆಗೆ ರಕ್ತ ಕೊಡುತ್ತಿದ್ದಾರೆ, ಬದುಕುತ್ತಾಳೆ. “ಮಗೂನ ಬಣ್ಣ ಹೇಗಿದೆಯೋ?” ಎಂದಳು ಅಜ್ಜಿ. “ಬೇಯಿಸಿದ ಹಾಸಿನ ಹಾಗೆ, ಕೆಂಪಗೆ, ಆವಿ ಆಡ್ತಾ ಇದೆ,” ಎಂದ ಅಣ್ಣ. ಓಣಿಯೆಲ್ಲ ಕೇಕೆ.

ಒಣಗಿಸುವ ಹಗ್ಗಗಳು ತುಂಬಿದ್ದವು. ಉಳಿದ ಹಾಸುಗಳನ್ನು ನಾವು ಗೇಟಿನ ಮೇಲೆ ಹರವಿದೆವು. ಒಳ್ಳೆಯ ಗಾಳಿಯಿತ್ತು.

ವ್ಯಾನಿನ ಹೊತ್ತಾಯಿತೆಂದು ಯಜಮಾನ ಬೀಗದ ಕೈ ಗೊಂಚಲನ್ನು ಬೆರಳಲ್ಲಿ ತಿರುಗಿಸುತ್ತ ಬಂದ. ನಿಂತ. ಗೊಂಚಲು ನಿಂತಿತು.

“ಯಾವ ಸೂಳೆಮಕ್ಕಳು ಇದನ್ನ ಮಾಡಿದ್ದು?”

ಯಾರೂ ತಲೆ ಎತ್ತಲಿಲ್ಲ. ಹಾಸು ಮಡಿಸುತ್ತಲೇ ಇದ್ದೆವು.

“ಈಗಿಂದೀಗ ಎತ್ತಿ ನಿಲ್ಲಿಸಿ! ಇಲ್ಲಾಂದ್ರೆ ನಾಳೆಯಿಂದ ಒಬ್ಬಳೂ ಒಳಗೆ ಕಾಲಿಡಬಾರದು! ಮನೇನೂ ಖಾಲಿ ಮಾಡಿ!”

“ನಾಳೆದು ನಾಳೆಗೆ,” ಎಂದಳು ಪಕ್ಕದ ಮನೆ ಅಕ್ಕ. “ಇವತ್ತು ವ್ಯಾನಿಗೆ ಯಾರು ತುಂಬ್ತಾರೆ, ಕುರ್ಚಿಯೋರಾ?”

ಅಜ್ಜಿ ಬಾಗಿಲ ಬಳಿ ಕೂತಿದ್ದಳು. ಈ ಸಲ ಏಳಲಿಲ್ಲ.

“ಯಾಕೆ ಸ್ವಾಮಿ ಕೂಗ್ತೀರಾ? ನಿಮ್ಮ ಬೀಗಾನ ಯಾರೂ ಮುಟ್ಟಿಲ್ಲ. ಭದ್ರವಾಗಿದೆ. ಬೇಕಾದ್ರೆ ಎಳೆದು ನೋಡಿ.”

ಯಜಮಾನ ನಮ್ಮೆಲ್ಲರ ಮುಖ ನೋಡಿದ. ತೆರೆದ ಓಣಿಯನ್ನು ನೋಡಿದ. ಆಮೇಲೆ, ಒದ್ದೆ ಹಾಸನ್ನು ಸರಿಸಿ, ಬೀಗವನ್ನು ಹಿಡಿದು, ನಿಜವಾಗಿಯೂ ಒಮ್ಮೆ ಎಳೆದು ನೋಡಿದ.