ಟಗರಿನ ಪುಪ್ಪಸ

"ಅಂಗಿ ತಗಿಯಲೇ, ಸೂಳೆಮಗನ! ಬೀಗರು ನೋಡ್ಲಿ."

ಹುಚ್ಚೀರಪ್ಪ ಅಂಗಿ ತೆಗೆದ. ಎಡಗೈ ಇನ್ನೂ ಪೂರಾ ಮೇಲೇಳುತ್ತಿರಲಿಲ್ಲವಾದ್ದರಿಂದ ಅಷ್ಟಕ್ಕೇ ಹೊತ್ತು ಹಿಡಿಯಿತು. ಅಂದಾನಗೌಡನ ಕಟ್ಟೆಯ ಕೆಳಗೆ, ಬಿಸಿಲಲ್ಲಿ, ಬೆನ್ನು ತಿರುಗಿಸಿ ನಿಂತ. ಬೆನ್ನಿನಿಂದ ಹೊರಟು ಕಂಕುಳ ಕೆಳಗೆ ಹಾಯ್ದು ಎದೆಗೆ ಬಂದು ಮುಟ್ಟಿದ ಗಾಯದ ಗುರುತು, ಅವನೇ ಹೊಲಿದ ಚಪ್ಪಲಿಯ ಹೊಲಿಗೆಯ ಹಾಗಿತ್ತು. ಗೌಡ ಅದನ್ನು ಬಾರುಕೋಲಿನ ತುದಿಯಿಂದ ಮುಟ್ಟಿ ಮುಟ್ಟಿ ತೋರಿಸಿದ. ಕೇರಿಯವನ ಮೈಯನ್ನು ಕೈಯಿಂದ ಮುಟ್ಟಿದರೆ ಮತ್ತೆ ಸ್ನಾನ ಮಾಡಬೇಕಲ್ಲ.

"ಇಲ್ಲಿ ಕೊಯ್ದಾರ ನೋಡ್ರಿ. ಹುಬ್ಬಳ್ಯಾಗ ಡಾಕ್ಟರು ಇವನ ಕೊಳತ ಪುಪ್ಪಸ ತಗದು ಒಗದು, ನಮ್ಮ ಟಗರಿಂದು ಹಾಕ್ಯಾರ. ನಾ ಟಗರು ಕೊಟ್ಟಿದ್ದಿಲ್ಲಂದ್ರ ಇಷ್ಟೊತ್ತಿಗೆ ಮಣ್ಣಾಗಿರ್ತಿದ್ದ ಮಗ."

ಕುಷ್ಟಗಿಯ ಬೀಗ ಚಹಾದ ಬಸಿ ಹಿಡಿದುಕೊಂಡೇ ಬಗ್ಗಿ ನೋಡಿದ. "ಟಗರಿಂದ? ಮತ್ತ ಹುಲ್ಲು ತಿಂತಾನೇನ್ರಿ?"

"ತಿಂದ್ರ ಛಲೋನ ಆತಲ್ಲ! ಜೋಳ ಉಳೀತು. ಕೆಮ್ಮಲೇ. ಕೆಮ್ಮಿ ತೋರ್ಸು."

ಹುಚ್ಚೀರಪ್ಪನಿಗೆ ಕೆಮ್ಮು ಬರಲಿಲ್ಲ. ನಗು ಬಂತು. ನಕ್ಕರೆ ಪಕ್ಕೆ ಜಗ್ಗುತ್ತಿತ್ತು, ತಡೆದರೆ ಇನ್ನಷ್ಟು ಉಕ್ಕುತ್ತಿತ್ತು. ದೀಪಾವಳಿ ಮುಂದೆ ಆಪರೇಶನ್ ಆದಾಗಿನಿಂದ ಅವನ ಗತಿ ಹೀಗೇ. ನಾಲ್ಕು ವರ್ಷ ರಕ್ತ ಕೆಮ್ಮಿದವನಿಗೆ ಗಾಳಿಯೇ ಹೆಂಡವಾಗಿತ್ತು. ಒಳಗೆ ಹೋದ ಉಸಿರು ಎಲ್ಲೂ ಸಿಕ್ಕಿಕೊಳ್ಳದೆ ಹೊರಗೆ ಬರುತ್ತದೆ ಅನ್ನುವುದೇ ಒಂದು ದೊಡ್ಡ ತಮಾಷೆ ಅನಿಸಿ, ಬೆಳಗಾದರೆ ತಲೆ ಗಿರ್ ಅನ್ನುವ ತನಕ ಉಸಿರಾಡಿ, ಗೋಡೆ ಹಿಡಿದುಕೊಂಡು ನಗುತ್ತಿದ್ದ.

"ನಗತಾನ ನೋಡ್ರಿ ಹಲ್ಕಟ್!" ಬೀಗನೂ ನಕ್ಕ. "ಟಗರಿಗೆ ಸೊಕ್ಕು ಬಂದೈತಿ."

ಗೌಡ ನಗಲಿಲ್ಲ. "ಸೊಕ್ಕು ಇಳಸ್ತೀನಿ. ನಾಳೆ ಕಣಕ್ಕ ಬಾ. ಜೋಳ ತೂರೋದೈತಿ."

"ಧಣ್ಯಾರ, ಧೂಳಾಗ ನಿಂದ್ರಬ್ಯಾಡಂತ ಡಾಕ್ಟರು ಹೇಳ್ಯಾರ್ರಿ. ಉಳಿದ ಪುಪ್ಪಸಾನೂ ಹೋಗ್ತೈತಿ ಅಂದಾರ್ರಿ."

"ಡಾಕ್ಟರ ನಿನಗ ಹೇಳ್ಯಾನ. ನನ್ನ ಟಗರಿಗೆ ಹೇಳ್ಯಾನೇನು? ತೂರಿದ್ರ ಆಯ, ಇಲ್ಲಂದ್ರ ಇಲ್ಲ. ನಡಿ!"

ಆಯ ಅಂದರೆ ಭಿಕ್ಷೆಯಲ್ಲ. ವರ್ಷವಿಡೀ ಗೌಡನ ಎತ್ತುಗಳಿಗೆ ತೊಗಲ ಹಗ್ಗದ ಮಿಣಿ, ಬಾರುಕೋಲು, ಮನೆಮಂದಿಗೆಲ್ಲ ಚಪ್ಪಲಿ ಮಾಡಿ ಕೊಟ್ಟದ್ದಕ್ಕೆ ಸುಗ್ಗಿಯಲ್ಲಿ ಕಣದಿಂದ ಅಳೆದು ಕೊಡುವ ಎರಡು ಚೀಲ ಜೋಳ. ಹುಚ್ಚೀರಪ್ಪನ ಅಜ್ಜನ ಕಾಲದಿಂದ ನಡೆದು ಬಂದದ್ದು. ಈ ವರ್ಷ ಗೋಡೆಗೆ ಒರಗಿ ಕುಳಿತೇ ಅವನು ಮಿಣಿ ಹೊಸೆದಿದ್ದ, ಒಂದೂ ಬಾಕಿ ಇಟ್ಟಿರಲಿಲ್ಲ. ಒಂದು ಚೀಲ ಹೊಟ್ಟೆಗೆ, ಇನ್ನೊಂದು ಮಾರಿ ಗುಳಿಗೆಗೆ. ಆಪರೇಶನ್ ಪುಕ್ಕಟೆ ಆಗಿತ್ತು, ಗುಳಿಗೆ ಪುಕ್ಕಟೆ ಇರಲಿಲ್ಲ. ಒಂದು ವರ್ಷ ಬಿಡದೆ ನುಂಗಬೇಕು, ಬಿಟ್ಟರೆ ಬಲಗಡೆಯದೂ ಹೋಗುತ್ತದೆ ಎಂದು ಡಾಕ್ಟರು ಬೆರಳು ಆಡಿಸಿ ಹೇಳಿದ್ದರು. ಹೆಂಡತಿ ಫಕೀರಮ್ಮನ ಕಿವಿಯೋಲೆ ಆಗಲೇ ಯಲಬುರ್ಗಾದ ಔಷಧ ಅಂಗಡಿಯ ಪಾಲಾಗಿತ್ತು. ಸಾಕಿದ ಕೋಳಿಯ ತತ್ತಿಗಳನ್ನು ಅವಳು ಮಾರುವುದು ಬಿಟ್ಟು ಗಂಡನ ಗಂಟಲಿಗೆ ಇಳಿಸುತ್ತಿದ್ದಳು, ತಾನು ವಾಸನೆಯನ್ನೂ ನೋಡುತ್ತಿರಲಿಲ್ಲ.

ಇನ್ನು ಈ ಟಗರಿನ ಸುದ್ದಿ. ಆ ಸುದ್ದಿ ಹುಟ್ಟಿದ್ದು ಕೇರಿಯಲ್ಲೇ ಅನ್ನುವುದು ದೊಡ್ಡ ಫಜೀತಿ. ಆಪರೇಶನ್ನಿಗೆ ಮುಂಚೆ ಗೌಡ ನಾಲ್ಕು ಮಂದಿ ನೋಡುವ ಹಾಗೆ ಒಂದು ಕುಂಟ ಟಗರನ್ನು ಕೊಟ್ಟು, "ಮಾರಿ ಖರ್ಚಿಗೆ ಮಾಡ್ಕೊ" ಅಂದಿದ್ದ. ಟಗರು ಬಸ್ಸಿನ ಮೇಲೆ ಕುಳಿತು ಕೊಪ್ಪಳಕ್ಕೆ ಹೋಯಿತು, ಕುರಿ ಕೊಯ್ಯುವ ಮದಾರಸಾಬ ಕೊಂಡ. ಅದೇ ವಾರ ಫಕೀರಮ್ಮ ಹುಬ್ಬಳ್ಳಿಯಿಂದ ಬಂದು, ಡಾಕ್ಟರು ತೆಗೆದ ಎಡಗಡೆಯ ಪುಪ್ಪಸವನ್ನು ಬೋಗುಣಿಯಲ್ಲಿ ಕಣ್ಣಾರೆ ಕಂಡೆ ಎಂದಳು. ಕೇರಿಗೆಲ್ಲ ಹಿರಿಯಳಾದ ಮುದಕಮ್ಮ ಕೇಳಿದಳು:

"ತಗದ್ರು, ಖರೆ. ಆ ಜಾಗಾದಾಗ ಏನಿಟ್ರು?"

"ಏನೂ ಇಟ್ಟಿಲ್ಲಬೇ. ಹೊಲದು ಬಿಟ್ರು."

"ಹುಚ್ಚಿ! ಖಾಲಿ ಎದಿ ಇಟ್ಕೊಂಡು ಯಾರರ ಬದುಕ್ಯಾರ? ಗೌಡನ ಟಗರು ಯಾಕ ಹೋತು ಮತ್ತ?"

ಅಷ್ಟೇ. ಎರಡು ದಿನದಲ್ಲಿ ಊರೆಲ್ಲ ಒಪ್ಪಿಕೊಂಡಿತು. ಫಕೀರಮ್ಮ ಗಂಟಲು ಹರಿಯುವಂತೆ ಕೂಗಿದರೂ ಯಾರೂ ಕೇಳಲಿಲ್ಲ. ಎಲ್ಲರಿಗಿಂತ ಹೆಚ್ಚು ಖುಷಿಯಾದವನು ಗೌಡ. ಟಗರು ಕೊಟ್ಟ ಉಪಕಾರ ಒಂದು ಸುಗ್ಗಿಗೆ ಮುಗಿಯುತ್ತದೆ, ಪುಪ್ಪಸ ಕೊಟ್ಟದ್ದು ಸಾಯುವ ತನಕ ಮುಗಿಯುವುದಿಲ್ಲ. "ನೀ ಬಿಡೋ ಉಸುರು ನನ್ನದಲೇ" ಎಂದು ಬಂದವರ ಮುಂದೆಲ್ಲ ಹೇಳತೊಡಗಿದ.

ಬೀಗರ ಮುಂದೆ ಬರಿಮೈಯಲ್ಲಿ ನಿಂತು ಬಂದ ದಿನವೇ ಮದಾರಸಾಬ ಕೇರಿಗೆ ಮಾತಾಡಿಸಲು ಬಂದ. ಹುಚ್ಚೀರಪ್ಪ ಅಂಗಳದಲ್ಲಿ ಕುಳಿತು ರಬ್ಬರಿನ ಪುಗ್ಗೆ ಊದುತ್ತಿದ್ದ. ದಿನಕ್ಕೆ ಹತ್ತು ಸಲ ಊದಬೇಕು, ಉಳಿದ ಪುಪ್ಪಸ ಅಗಲ ಆಗುತ್ತದೆ ಎಂದು ಡಾಕ್ಟರು ಹೇಳಿದ್ದರು. ಕೆಂಪು ಪುಗ್ಗೆ ಉಬ್ಬಿದ ಹಾಗೆಲ್ಲ ಸುತ್ತ ಕುಳಿತ ಹೆಂಗಸರು "ಹೋ" ಅನ್ನುವರು, ಅವನಿಗೆ ನಗು ಬಂದು ಬಾಯಿ ಬಿಟ್ಟರೆ ಅದು ಪುರ್ರನೆ ಹಾರಿ ಯಾರದೋ ರೊಟ್ಟಿ ಬುಟ್ಟಿಗೆ ಬೀಳುವುದು.

ಟಗರಿನ ಸುದ್ದಿ ಕೇಳಿ ಮದಾರಸಾಬ ತೊಡೆ ತಟ್ಟಿದ. "ಯಾ ಅಲ್ಲಾ! ಆ ಪುಪ್ಪಸ ನಾನ ನನ್ನ ಕೈಯಾರೆ ತೂಗಿ ಮಾರೀನೋ ಮಾರಾಯ. ಖಾನಾವಳಿಯಾಂವ ಒಯ್ದ. ಖಾರ ಹಚ್ಚಿ ಹುರದು ಮಂದಿ ತಿಂದು ಹೋಗ್ಯಾರ!"

ಹುಚ್ಚೀರಪ್ಪ ನಕ್ಕು ನಕ್ಕು ಪಕ್ಕೆ ಹಿಡಿದುಕೊಂಡು ನೆಲಕ್ಕೆ ಒರಗಿದ. ಫಕೀರಮ್ಮ ಮಾತ್ರ ಎದ್ದು ನಿಂತಳು.

"ಭಾವಾ, ನಿನ್ನ ಕಾಲು ಬೀಳ್ತೀನಿ. ಇದನ್ನ ಬಂದು ಗೌಡಗ ಹೇಳು."

ಮದಾರಸಾಬನ ನಗು ನಿಂತಿತು. "ಹೇಳಿದ್ರ ಈ ಊರಾಗ ನನಗ ಕುರಿ ಕೊಡೋರ್ಯಾರು, ತಂಗೀ?" ಅವನು ಕಣ್ಣು ತಪ್ಪಿಸಿ ಚಪ್ಪಲಿ ಮೆಟ್ಟಿಕೊಂಡ.

ಅವನು ಹೋದ ಮೇಲೆ ಫಕೀರಮ್ಮ ಗಂಡನ ಪಕ್ಕ ಕುಕ್ಕರಿಸಿದಳು. ಅವಳಿಗೆ ಸಿಟ್ಟೂ ಅಳುವೂ ಒಟ್ಟಿಗೇ ಬಂದಿದ್ದವು. "ತೂರಾಕ ಹೋದ್ರ ಧೂಳಿಗೆ ಸಾಯ್ತಿ. ಹೋಗಲಿಲ್ಲಂದ್ರ ಗುಳಿಗಿ ಇಲ್ದ ಸಾಯ್ತಿ. ನಗಾಕತ್ತೀಯಲ್ಲೋ, ಮೂಳ!"

"ಎರಡರಾಗ ಯಾವ್ದು ಅಗ್ಗಾತು, ಹೇಳು?" ಅಂದ ಹುಚ್ಚೀರಪ್ಪ. ಅವಳು ಅವನ ಬೆನ್ನಿಗೆ ಗುದ್ದಲು ಕೈ ಎತ್ತಿ, ಗಾಯ ನೆನಪಾಗಿ, ತನ್ನ ತೊಡೆಗೇ ಗುದ್ದಿಕೊಂಡಳು.

ಅವನು ತೂರಲು ಹೋಗಲಿಲ್ಲ. ಮೂರನೆಯ ದಿನ, ಧೂಳೆಲ್ಲ ಅಡಗಿ ರಾಶಿ ಕೂಡಿದ ಮೇಲೆ, ಹೆಂಡತಿಯ ಹೆಗಲ ಮೇಲೆ ಎರಡು ಖಾಲಿ ಚೀಲ ಹಾಕಿ ಕಣಕ್ಕೆ ಹೋದ.

ರಾಶಿ ಅಳೆಯುವಾಗ ಕಣದಲ್ಲಿ ಎಣಿಕೆ ಬಿಟ್ಟು ಯಾರೂ ಬೇರೆ ಮಾತಾಡುವಂತಿಲ್ಲ. ಮಾತಾಡಿದರೆ ರಾಶಿಯೊಳಗಿನ ಲಕ್ಷ್ಮಿ ಎದ್ದು ಹೋಗುತ್ತಾಳಂತೆ, ಎಣಿಕೆ ಮತ್ತೆ ಮೊದಲಿಂದ ಶುರುವಾಗಬೇಕು. ಸುತ್ತ ಬೂದಿಯ ಗೆರೆ ಎಳೆದಿದ್ದರು. ಗೆರೆಯ ಆಚೆ ಆಯದವರೆಲ್ಲ ಕುಳಿತಿದ್ದರು. ಗೌಡ ಮುಂಡಾಸು ಸರಿಮಾಡಿಕೊಳ್ಳುತ್ತ ಹುಚ್ಚೀರಪ್ಪನನ್ನು ನೋಡಿದ.

"ಟಗರಿಗೆ ಈ ವರ್ಷ ಆಯ ಇಲ್ಲ. ಕೇಳಿದ್ರೆಲ್ಲಾ? ಹೂಂ, ಅಳೀಯೋ."

ತಳವಾರ ಓಬಳೆಪ್ಪ ಕೊಳಗ ತುಂಬಿದ. ಮೊದಲನೆಯದಕ್ಕೆ ಒಂದು ಅನ್ನಬಾರದು, "ಲಾಭ" ಅಂದ. ಆಮೇಲೆ ಎರಡು, ಮೂರು. ಕೊಳಗದ ಸದ್ದು ಬಿಟ್ಟರೆ ಬೇರೆ ಸದ್ದಿಲ್ಲ. ಹುಚ್ಚೀರಪ್ಪನಿಗೆ ಸಿಟ್ಟು ಬಂತು. ಸಿಟ್ಟಿನ ಜೊತೆಗೇ ಆ ಹಾಳು ನಗುವೂ ಎದ್ದಿತು. ಅವನು ಎದೆ ತುಂಬ ಗಾಳಿ ಎಳೆದುಕೊಂಡ.

"ಬ್ಯಾಽಽಽ!"

ಓಬಳೆಪ್ಪನ ಕೈಯಲ್ಲಿ ಕೊಳಗ ನಿಂತಿತು. ಇಪ್ಪತ್ತಮೂರೋ ಇಪ್ಪತ್ತನಾಲ್ಕೋ ಆಗಿತ್ತು. ಗೌಡ ಬಾಯಿ ತೆರೆದ, ಕೂಡಲೇ ಮುಚ್ಚಿದ. ಬೈದರೆ ಅವನ ಮಾತಿಗೇ ಲಕ್ಷ್ಮಿ ಹೋಗುತ್ತಾಳಲ್ಲ! ಕಣ್ಣು ಕೆಕ್ಕರಿಸಿ, ಕೈಸನ್ನೆಯಲ್ಲೇ ಹುಚ್ಚೀರಪ್ಪನ ಕತ್ತು ಹಿಚುಕಿದ. ಓಬಳೆಪ್ಪ ಅಳೆದದ್ದನ್ನೆಲ್ಲ ರಾಶಿಗೆ ಸುರಿದು ಮತ್ತೆ ಶುರುಮಾಡಿದ. "ಲಾಭ." ಎರಡು. ಮೂರು.

"ಬ್ಯಾಽಽಽ!"

ಯಾರೋ ಕಿಸಕ್ಕನೆ ನಕ್ಕರು. ಗೌಡನ ಮುಖ ಮೆಣಸಿನಕಾಯಿ ಬಣ್ಣಕ್ಕೆ ತಿರುಗಿತು. ಮೂರನೆಯ ಸಲ "ಲಾಭ" ಅಂದದ್ದೇ ತಡ, ಕೇರಿಯವರ ನಡುವಿನಿಂದ ಒಡಕು ದನಿಯ ಇನ್ನೊಂದು ಕುರಿ ಕೂಗಿತು. ಬೊಚ್ಚುಬಾಯಿಯ ಮುದಕಮ್ಮ! ಅವಳ ಹಿಂದೆ ಇನ್ನಿಬ್ಬರು, ಆಮೇಲೆ ಎಲ್ಲರೂ. ಕಣದ ತುಂಬ ಹಿಂಡೇ ಬಂದ ಹಾಗಾಯಿತು.

"ಬಾಯಿ ಮುಚ್ರಲೇ, ಬೋಸುಡಿ ಮಕ್ಕಳ್ರ್ಯಾ!" ಗೌಡ ಕಿರುಚಿದ. ಕಿರುಚಿದ ಮೇಲೆ ಅವನಿಗೇ ಗಾಬರಿಯಾಗಿ ಬಾಯಿಗೆ ಕೈ ಅಡ್ಡ ಹಿಡಿದ.

"ನಾ ಏನ್ ಮಾಡ್ಲಿರಿ ಧಣ್ಯಾರ?" ಹುಚ್ಚೀರಪ್ಪ ಎದ್ದು ಬೂದಿಯ ಗೆರೆ ದಾಟಿದ. "ಟಗರು ನಿಮ್ಮದ ಅಂತೀರಿ. ಹಸಿದು ಒದರಾಕತ್ತೈತಿ. ಮೇವು ಹಾಕೋರು ಯಾರ್ರಿ?"

ಅವನು ರಾಶಿಗೆ ಎರಡೂ ಕೈ ಹಾಕಿದ. ಅವನ ವಂಶದಲ್ಲಿ ಯಾರೂ ಆ ರಾಶಿಯನ್ನು ಮುಟ್ಟಿರಲಿಲ್ಲ. ಜೋಳ ಬೆಚ್ಚಗಿತ್ತು. ಫಕೀರಮ್ಮ ಓಡಿ ಬಂದು ಚೀಲದ ಬಾಯಿ ಹಿಡಿದಳು. ಗೌಡನ ಆಳುಗಳು ಎರಡು ಹೆಜ್ಜೆ ಬಂದು, ಯಾರು ಮೊದಲು ಮುಟ್ಟಬೇಕು ಎಂದು ಒಬ್ಬರ ಮುಖ ಒಬ್ಬರು ನೋಡಿದರು.

"ಮತ್ತ ಮೊದಲಿಂದ ಎಣಸ್ಲೇನ್ರಿ?" ಎಂದು ಓಬಳೆಪ್ಪ ಕೇಳಿದ.

ಒಂದು ಚೀಲ ಫಕೀರಮ್ಮನ ತಲೆಯ ಮೇಲೆ ಹೋಯಿತು, ಎರಡನೆಯದನ್ನು ಮುದಕಮ್ಮನ ಸೊಸೆ ಹೊತ್ತಳು. ಗೌಡನ ಕಣದಿಂದ ಕಾಳು ತೆಗೆದುಕೊಂಡು ಹಿಂದೆ ಕೆಲವರು ಹೋದದ್ದುಂಟು, ಅವರೆಲ್ಲ ಓಡಿದ್ದರು. ಹುಚ್ಚೀರಪ್ಪನಿಗೆ ಓಡುವಷ್ಟು ಉಸಿರಿರಲಿಲ್ಲ. ನಡೆದ. ಹತ್ತು ಹೆಜ್ಜೆಗೊಮ್ಮೆ ನಿಂತ. ಅವನು ನಿಂತಾಗ ಹೆಂಗಸರಿಬ್ಬರೂ ನಿಂತರು.

"ಲಗೂನ ಬಾರೋ, ಬೆನ್ನ ಹತ್ಯಾರ!"

"ಬರಾಕತ್ತೀನಿ, ತಡಿ ಮಾರಾಯ್ತಿ."

ಕೇರಿಗೆ ಸುತ್ತು ದಾರಿ ದೂರ. ಅಷ್ಟು ದೂರ ಸಾಗದು ಅನಿಸಿ ಅವನು ಊರ ನಡುವಿನ ಓಣಿಗೇ ತಿರುಗಿದ. ಅಲ್ಲಿ ಅರ್ಧಕ್ಕೆ ಬರುವಷ್ಟರಲ್ಲಿ ಕಣ್ಣು ಮಂಜಾಯಿತು, ಬಲಗಡೆ ಉಳಿದದ್ದು ಕಮ್ಮಾರನ ತಿದಿಯ ಹಾಗೆ ಬಡಿದುಕೊಂಡಿತು. ಹತ್ತಿರ ಕಂಡ ನೆರಳಿನ ಕಟ್ಟೆ ಹತ್ತಿ, ಕಂಬಕ್ಕೆ ಒರಗಿ ಕಾಲು ಚಾಚಿ ಕುಳಿತ. ಹೆಂಡತಿ ಹೌಹಾರಿದ್ದನ್ನು ನೋಡಿದ ಮೇಲೇ ಅದು ಗೌಡನ ಮನೆಯ ಕಟ್ಟೆ ಎಂದು ಅವನಿಗೆ ಗೊತ್ತಾದದ್ದು. ಗೊತ್ತಾದ ಮೇಲೂ ಏಳಲಿಲ್ಲ.

ಒಳಗಿನಿಂದ ಗೌಡಸಾನಿ ಬಾಗಿಲಿಗೆ ಬಂದವಳು ನಿಂತಲ್ಲೇ ಕಲ್ಲಾದಳು. "ಏ ಮುಟ್ಟಬ್ಯಾಡೋ... ಮ್ಯಾಲ ಯಾಕ ಕುಂತಿಯೋ?"

ಓಣಿಯ ತುದಿಯಲ್ಲಿ ಆಳುಗಳ ಕಾಲಸಪ್ಪಳ, ಅದರ ಹಿಂದೆ ಗೌಡನ ಬೈಗುಳ ಕೇಳಿಸಿದವು. ಹುಚ್ಚೀರಪ್ಪ ಉಸಿರು ಎಳೆದುಕೊಂಡ, ಬಿಟ್ಟ, ಮತ್ತೆ ಎಳೆದುಕೊಂಡ.

"ದಮ್ಮು ತಗೋಳಾಕತ್ತೀನ್ರಿ ಅವ್ವಾರ," ಅಂದ. "ಇನ್ನಾ ಒಂದೀಟು ಹೊತ್ತು ಹಿಡೀತೈತ್ರಿ."