ಝರೂಮಿನ ನಾಗರಿಕರು

“ಹಲ್ಕಟ್ ನಾಯಿಗಳಾ, ಸೋತವರ ಹಾಗೆ ಕೂತ್ಕೊಳ್ಳಿ ಅಂತ ಹೇಳಿದ್ದು! ನಗುದು ಎಂತ? ನಿಮ್ಮ ಅಪ್ಪನ ಮದುವೆಗೆ ಬಂದದ್ದಾ?”

ಸೂಪರ್‌ವೈಸರ್ ಪೃಥ್ವಿರಾಜ್ ಕುರ್ಚಿಗಳ ಸಾಲಿನ ನಡುವೆ ಓಡಾಡುತ್ತಾ ನಮ್ಮ ತಲೆಗೆ ಸುತ್ತಿದ ಬಟ್ಟೆಗಳನ್ನು ಎಳೆದು ಸರಿಮಾಡುತ್ತಿದ್ದ. ಅಬುಧಾಬಿಯ ಆ ಹೋಟೆಲಿನ ಸಭಾಂಗಣದಲ್ಲಿ ಆ ಬೆಳಿಗ್ಗೆ ಝರೂಮ್ ಎಂಬ ಬಂದರು ನಗರ ಶರಣಾಗುವುದಿತ್ತು. ನಗರ ಇದ್ದದ್ದು ಸಮುದ್ರದ ಆಚೆ. ಒಂದೇ ದೇಶದ ಎರಡು ಸೈನ್ಯಗಳು ಹೊಡೆದಾಡಿ, ಅಲ್ಲಿ ಸಹಿಗೊಂದು ಮೇಜು ಹಾಕುವಷ್ಟು ಜಾಗವನ್ನೂ ಉಳಿಸಿರಲಿಲ್ಲ. ಸಾಕ್ಷಿಗೆ ಊರಿನ ಜನರೂ ಬರಬೇಕಿತ್ತು. ಜನರಲ್‌ಗಳಿಗೆ ವೀಸಾ ಸಿಕ್ಕಿತು, ಜನರಿಗೆ ಸಿಗಲಿಲ್ಲ. ಹಾಗಾಗಿ ವೇದಿಕೆ ಕಟ್ಟಲು ಬಂದಿದ್ದ ನಮಗೇ ನಿಲುವಂಗಿ ತೊಡಿಸಿ ಝರೂಮಿನ ನಾಗರಿಕರನ್ನಾಗಿ ಮಾಡಿದ್ದರು.

“ಅಪ್ಪೀ, ನೀನು ವಿಧವೆ. ಮುಂದಿನ ಸಾಲು.”

ಕ್ಲೀನಿಂಗಿನ ಅಪ್ಪಿ ಕಪ್ಪು ಬಟ್ಟೆ ಹೊದ್ದುಕೊಳ್ಳುತ್ತಾ, “ನನ್ನ ಗಂಡ ಬದುಕಿದ್ದಾರಲ್ಲ ಸರ್. ಕಾಪುವಲ್ಲಿ ಕುಡಿದು ಬಿದ್ದಿದ್ದಾರೆ” ಅಂದಳು.

“ಹಾಗಾದ್ರೆ ಅರ್ಧ ಅಳು, ಸಾಕು.”

ಬಡಗಿ ಮೊಯ್ದೀನ್ ಅವರ ಗಡ್ಡ ಬೆಳ್ಳಗಿತ್ತು. ಆದ್ದರಿಂದ ಅವರು ನಗರದ ಹಿರಿಯ. ಗೆದ್ದ ಜನರಲ್‌ನ ಕೈಗೆ ನಗರದ ಕೀ ಒಪ್ಪಿಸುವುದು ಅವರ ಪಾಲಿಗೆ ಬಂದಿತ್ತು. ಒಂದು ಬಾಗಿಲೂ ನೆಟ್ಟಗೆ ಉಳಿಯದ ಊರಿಗೆ ಮೊಳದುದ್ದದ ಆ ಕೀಯನ್ನು ಅಲ್ ಕುಸೈಸ್‌ನ ನಮ್ಮ ಕಂಪನಿಯ ಗೋದಾಮಿನಲ್ಲಿ ತೆಳು ಪ್ಲೈವುಡ್ಡಿನಿಂದ ಕೊಯ್ದದ್ದೂ ಅವರೇ. ಚಿನ್ನದ ಬಣ್ಣ ಇನ್ನೂ ಒಣಗಿರಲಿಲ್ಲ.

“ಸರ್, ಆ ಜನರಲ್‌ನ ಹತ್ರ ಒಂದು ಮಾತು ಕೇಳ್ಲಿಕ್ಕೆ ಆಗ್ತದಾ? ನನ್ನ ತಮ್ಮ ಅಲಿಯಬ್ಬ ಅಲ್ಲೇ ಇರುದಲ್ಲ” ಎಂದರು ಮೊಯ್ದೀನ್.

ಅಲಿಯಬ್ಬನನ್ನು ಝರೂಮ್ ಬಂದರಿಗೆ ಕ್ರೇನ್ ನಡೆಸಲು ಕಳಿಸಿದ್ದು ನಮ್ಮ ಕಂಪನಿಯೇ. ಯುದ್ಧ ಬಂದಾಗ ವಾಪಸು ಕರೆಸಿಕೊಳ್ಳಲಿಲ್ಲ. ಬಂದರಿಗೆ ಬಾಂಬು ಬಿದ್ದ ಮೇಲೆ ಡ್ಯೂಟಿಗೆ ಹಾಜರಾಗಲಿಲ್ಲ ಎಂದು ಅವನನ್ನು ಓಡಿಹೋದವನೆಂದು ಸಾರಿ ವೀಸಾ ರದ್ದು ಮಾಡಿಸಿತು. ಅವನ ಫೋನು ಅದಕ್ಕೂ ಮೊದಲೇ ಸತ್ತಿತ್ತು.

“ನಿನ್ನ ತಮ್ಮ ಅಬ್ಸ್‌ಕಾಂಡಿಂಗ್ ಬ್ಯಾರೀ, ಖಲಾಸ್. ಬಾಯಿ ಬಿಟ್ರೆ ನಿನ್ನದೂ ಕ್ಯಾನ್ಸಲ್. ಕೀ ಕೊಡು, ತಲೆ ತಗ್ಗಿಸು, ಇಳಿದು ಬಾ. ಯಲ್ಲಾ!”

ಗೆದ್ದವನೂ ಸೋತವನೂ ಒಂದೇ ಲಿಫ್ಟಿನಲ್ಲಿ ಇಳಿದು ಬಂದರು. ಇಬ್ಬರ ಪಿಸ್ತೂಲುಗಳನ್ನೂ ಹೋಟೆಲಿನ ಸೆಕ್ಯುರಿಟಿಯವರು ಬಾಗಿಲಲ್ಲೇ ತೆಗೆದಿಟ್ಟುಕೊಂಡಿದ್ದರು. ಕ್ಯಾಮೆರಾಗಳ ಮುಂದೆ ಸಹಿ ಆಯಿತು. ನಾವು ಚಪ್ಪಾಳೆ ತಟ್ಟಿದೆವು. ಮೊಯ್ದೀನ್ ವೇದಿಕೆ ಹತ್ತಿದರು.

ನಮ್ಮ ಕ್ಯಾಂಪಿನಲ್ಲಿ, ಕೆಲಸ ಬಿಟ್ಟು ಊರಿಗೆ ಹೊರಟವರು ರೂಮಿನ ಕೀಯನ್ನು ಮೊದಲು ಕೊಡುವುದಿಲ್ಲ. ಕೊಟ್ಟರೆ ಕಂಪನಿ ತಾನು ತೆಗೆದಿಟ್ಟುಕೊಂಡ ಪಾಸ್‌ಪೋರ್ಟಿಗೆ ಸತಾಯಿಸುತ್ತದೆ, ಮಲಗಲು ಮಂಚವೂ ಇರುವುದಿಲ್ಲ. ಎಡಗೈಯಲ್ಲಿ ಕೀ ಬಿಗಿಹಿಡಿದು ಬಲಗೈ ಚಾಚಿ ನಿಲ್ಲಬೇಕು. ಬಲಗೈಗೆ ಪಾಸ್‌ಪೋರ್ಟ್ ಬಿದ್ದ ಮೇಲೆಯೇ ಎಡಗೈ ಸಡಿಲ.

ಮೊಯ್ದೀನ್ ಹಾಗೆಯೇ ನಿಂತರು. ಅವರ ಚಾಚಿದ ಕೈಯನ್ನು ಗೆದ್ದ ಜನರಲ್ ಕುಲುಕಿದ. ಅವರು ಕೈ ಬಿಡಿಸಿಕೊಂಡು ಮತ್ತೆ ಚಾಚಿದರು.

“ಅವ್ವಲ್ ಅಖೂಯ್, ಬಾದೇನ್ ಮುಫ್ತಾಹ್.” ಮೊದಲು ನನ್ನ ತಮ್ಮ, ಆಮೇಲೆ ಕೀ.

ಜನರಲ್ ಕೀ ಹಿಡಿದು ಎಳೆದ. ಬರಲಿಲ್ಲ. ಝರೂಮನ್ನೇ ಕಿತ್ತುಕೊಂಡ ಕೈಗೆ ಬಡಗಿಯ ಹಿಡಿತದಿಂದ ಬಣ್ಣವಷ್ಟೇ ಬಂತು.

“ನಿನ್ನ ಕಡೆಯವನಾ ಇವನು?” ಎಂದು ಸೋತವನನ್ನು ಕೇಳಿದ.

“ನಿನ್ನವನು ಅಂದುಕೊಂಡಿದ್ದೆ” ಎಂದ ಸೋತವನು.

ಗೋಡೆಯ ಟಿವಿಯಲ್ಲಿ ಆಗಲೇ ಸುದ್ದಿ ಓಡುತ್ತಿತ್ತು: ಶರಣಾಗತಿಗೆ ನಗರದ ಹಿರಿಯರ ಹೊಸ ಷರತ್ತು.

“ಬೋಳಿಮಗನೇ, ಬಿಡು ಕೀ!” ಪರದೆಯ ಹಿಂದಿನಿಂದ ಪೃಥ್ವಿರಾಜ್ ಹಲ್ಲು ಕಡಿದ.

“ನೀವು ಸುಮ್ಮನಿರಿ ಸರ್” ಎಂದಳು ಅಪ್ಪಿ. “ಊರು ಅವರದ್ದು. ಕೊಡುದು ಬಿಡುದು ಅವರಿಗೆ.”

ಲೋಕವೆಲ್ಲ ನೋಡುತ್ತಿತ್ತು. ಮೊಯ್ದೀನ್ ಅವರಿಂದ ತಮ್ಮನ ಹೆಸರು ಕೇಳಿಕೊಂಡು ಜನರಲ್ ಝರೂಮಿಗೆ ಫೋನು ಮಾಡಿ ಹುಡುಕಲು ಹೇಳಿದ. ಕಾದೆವು. ಸ್ವಲ್ಪ ಹೊತ್ತಿಗೆ ಅವನ ಮುಖ ಅರಳಿತು. ಸ್ಪೀಕರ್ ಹಾಕಿ ಫೋನನ್ನು ಮೊಯ್ದೀನ್ ಮುಂದೆ ಹಿಡಿದ.

“ಅನಾ ಅಲಿಯಬ್ಬ” ಎಂದಿತು ಒಂದು ಗಂಡಸಿನ ದನಿ. ನಾನು ಅಲಿಯಬ್ಬ.

ಸಭೆ ಎದ್ದು ಚಪ್ಪಾಳೆ ತಟ್ಟಿತು. ಮೊಯ್ದೀನ್ ತಟ್ಟಲಿಲ್ಲ. ಹೆತ್ತ ಉಮ್ಮ ನಿನ್ನನ್ನು ಮನೆಯಲ್ಲಿ ಏನೆಂದು ಕರೆಯುವುದು ಎಂದು ಬ್ಯಾರಿ ಭಾಷೆಯಲ್ಲಿ ಕೇಳಿದರು.

ಆ ಕಡೆ ಯಾರೋ ಯಾರಿಗೋ ಪಿಸುಗುಟ್ಟಿದರು.

“ಅಯ್ವಾ” ಎಂದಿತು ದನಿ. ಹೌದು. “ಅಯ್ವಾ, ಅಯ್ವಾ.”

“ಮಾಫಿ ಮುಫ್ತಾಹ್” ಎಂದರು ಮೊಯ್ದೀನ್. ಕೀ ಇಲ್ಲ. ಅದನ್ನು ಮೊಣಕಾಲಿಗೆ ಕೊಟ್ಟು ಮುರಿದರು. ಮೈಕಿನಲ್ಲಿ ಆ ಸದ್ದು ಗುಂಡು ಹಾರಿದಂತೆ ಕೇಳಿಸಿ, ಇಬ್ಬರು ಜನರಲ್‌ಗಳೂ ಒಂದೇ ಮೇಜಿನ ಕೆಳಗೆ ನುಗ್ಗಿದರು.

ನೆಲಕ್ಕೆ ಬಿದ್ದ ಫೋನಿನಲ್ಲಿ ಆ ದನಿ ಇನ್ನೂ ಅಯ್ವಾ ಅನ್ನುತ್ತಿತ್ತು. ಮೊಯ್ದೀನ್ ಅದನ್ನು ಎತ್ತಿಕೊಂಡು ಕಿವಿಗೆ ಒತ್ತಿದರು. ಹೆದರಬೇಡ, ನಿನ್ನ ನಿಜವಾದ ಹೆಸರೇನು ಎಂದು ಹರುಕು ಅರಬಿಯಲ್ಲಿ ಕೇಳಿದರು.

ಸೆಕ್ಯುರಿಟಿಯವರು ವೇದಿಕೆಯತ್ತ ಓಡಿ ಬಂದರು. ಆ ಮನುಷ್ಯ ಹೆಸರು ಹೇಳಿ ಮುಗಿಸಲಿ ಎಂದು ನಾವು ಕುರ್ಚಿಗಳನ್ನೆಳೆದು ದಾರಿಗೆ ಅಡ್ಡ ಹಾಕತೊಡಗಿದೆವು.