ಪರದೆಯ ಅಂಚು

ನೀಲಿ ಉಡುಪಿನ ಬೆನ್ನಿನಲ್ಲಿ ಹಿಡಿ ತುಂಬುವಷ್ಟು ಬಟ್ಟೆಯನ್ನು ಮಡಿಚಿ ಹಿಡಿದು ಕಿರಿಯವಳು ಪಿನ್ನು ಚುಚ್ಚಿದಳು. ಚುಚ್ಚುವಾಗ ಬಟ್ಟೆಗೂ ಮೈಗೂ ನಡುವೆ ತನ್ನ ಎಡಗೈ ಬೆರಳನ್ನು ಅಡ್ಡ ಇಟ್ಟುಕೊಂಡಳು.

"ಚಿಕ್ಕಮ್ಮ, ಅಮ್ಮನಿಗೆ ಇನ್ನು ಚುಚ್ಚಲ್ಲ," ಎಂದಳು ಅಕ್ಕನ ಮಗಳು, ತಾಯಿಯ ಹೆಗಲನ್ನು ಒಂದು ಮಗ್ಗುಲಿಗೆ ಎತ್ತಿ ಹಿಡಿದುಕೊಂಡೇ.

"ನನಗೆ ಗೊತ್ತು ಕಣೇ. ಕೈಗೆ ಗೊತ್ತಿಲ್ಲ."

ಹೋದ ವರ್ಷ ಬಿಗಿಯಾಯಿತೆಂದು ಹೊಲಿಗೆ ಬಿಡಿಸಿ ಸಡಿಲ ಮಾಡಿಕೊಂಡಿದ್ದ ಉಡುಪು. ಈಗ ಅದರೊಳಗೆ ಇನ್ನೊಬ್ಬಳು ಹಿಡಿಸುತ್ತಿದ್ದಳು. ಓರಗಿತ್ತಿಯರಿಬ್ಬರೂ ಇಪ್ಪತ್ತು ವರ್ಷ ಒಂದೇ ಪರದೆ ಅಂಗಡಿಯಲ್ಲಿ ಕೂತು ಹೊಲಿದವರು. ಕಿರಿಯವಳು ಮೆಷಿನ್ನಿನ ಮುಂದೆ, ಅಕ್ಕ ಕಿಟಕಿ ಪಕ್ಕದಲ್ಲಿ ಸೂಜಿ ಹಿಡಿದು. ಪರದೆಯ ಕೆಳಅಂಚನ್ನು ಮೆಷಿನ್ನಿಗೆ ಕೊಟ್ಟರೆ ಸೆಟೆದು ನಿಲ್ಲುತ್ತದೆ, ಕೈಯಲ್ಲಿ ಹೊಲಿದರೇ ಬಟ್ಟೆ ನೀರಿನ ಹಾಗೆ ಇಳಿಯುವುದು ಎಂದು ಅಕ್ಕ ಹೇಳುತ್ತಿದ್ದಳು.

ಹೊರಕೋಣೆಯಿಂದ ರೇಡಿಯೋ ಅತ್ತೆಯ ದನಿ ಕೇಳುತ್ತಿತ್ತು. ಮೇಲ್ಮಹಡಿಯ ಆಕೆಗೆ ಆ ಹೆಸರಿಟ್ಟವಳೂ ಅಕ್ಕನೇ.

"ಮೂವತ್ತು ವರ್ಷ ಸಿಗರೇಟು ಸೇದಿದ್ದು ಗಂಡ. ಹೊಗೆ ಹೋಗಿ ಕೂತಿದ್ದು ಇವಳ ಎದೇಲಿ. ಇದ್ಯಾವ ನ್ಯಾಯ ರೀ?"

"ಸ್ವಲ್ಪ ಮೆತ್ತಗೆ ಮಾತಾಡಿ. ಅವರು ಇಲ್ಲೇ ಕೂತಿದ್ದಾರೆ."

"ಕೂತಿರ್ಲಿ ಬಿಡಿ. ನಾನೇನು ಬೆನ್ನ ಹಿಂದೆ ಮಾತಾಡೋಳಾ?"

ಮಗಳು ದನಿ ತಗ್ಗಿಸಿ ಕೇಳಿದಳು, "ಹೋದ ವಾರದ ತನಕ ಅಮ್ಮ ಕೆಲಸ ಬಿಡ್ಲಿಲ್ಲ ಅಲ್ವಾ ಚಿಕ್ಕಮ್ಮ? ಅವಳು ಹೊಲಿದ ಒಂದು ಪರದೇನೂ ವಾಪಸ್ ಬರಲಿಲ್ಲ ಅಂತ ಅಪ್ಪ ಬಂದೋರಿಗೆಲ್ಲ ಹೇಳ್ತಿದ್ದಾರೆ. ನಿಜ ತಾನೇ?"

ಕಿರಿಯವಳು ಅಷ್ಟರಲ್ಲಿ ಉಳಿದ ಪಿನ್ನುಗಳನ್ನು ತುಟಿಯಲ್ಲಿ ಕಚ್ಚಿಕೊಂಡಿದ್ದಳು. ಕಚ್ಚಿಕೊಂಡದ್ದೇ ಒಳ್ಳೆಯದಾಯಿತು. ಹೂಂ ಎಂದಷ್ಟೇ ತಲೆಯಾಡಿಸಿದಳು.

*

"ಸಣ್ಣ ಜೀವಕೋಶದ ಕ್ಯಾನ್ಸರ್," ಎಂದಿದ್ದರು ಡಾಕ್ಟರು, ಶ್ವಾಸಕೋಶದ ಚಿತ್ರವನ್ನು ಬೆಳಕಿಗೆ ಹಿಡಿದು.

"ಸಣ್ಣದಂತೆ ಕಣೇ, ಸದ್ಯ," ಎಂದು ಅಕ್ಕ ಕಿರಿಯವಳ ಕಡೆ ತಿರುಗಿದ್ದಳು.

"ಹೆಸರಷ್ಟೇ ಸಣ್ಣದಮ್ಮ. ಓಟ ಜೋರು."

ಹಾಗಾಗಿ ಔಷಧವೂ ಜೋರಾಗಿಯೇ ಬಂತು. ಹನಿ ಹನಿಯಾಗಿ ನರಕ್ಕಿಳಿದು, ಮನೆಗೆ ಬಂದ ಮೇಲೆ ತನ್ನ ಗುಣ ತೋರಿಸಿತು. ನೀರು ಕುಡಿದರೂ ಮೊಳೆ ನೆಕ್ಕಿದ ರುಚಿ. ಇಸ್ತ್ರಿಯ ಆವಿ ಮೂಗಿಗೆ ಬಡಿದರೆ ಸಾಕು, ಬಚ್ಚಲಿಗೆ ಓಟ. ಬಾಯಿಹುಣ್ಣಿಗೆ ಐಸಿನ ಚೂರು. ಮಂಡಿಯುದ್ದದ ಜಡೆ ಬಾಚಣಿಗೆಯಲ್ಲೇ ಉಳಿದುಹೋದ ದಿನ ಅಕ್ಕ ತಲೆಗೆ ಹತ್ತಿಯ ಚೂರುಬಟ್ಟೆಯೊಂದನ್ನು ಸುತ್ತಿಕೊಂಡು ಅಂಗಡಿಗೆ ಬಂದಳು.

"ಎರಡು ಜಡೆ ಒಂದು ಕಡೆ ಸೇರಲ್ಲ ಅಂತಿದ್ರಲ್ಲ ಎಲ್ಲರೂ? ತಗೋ, ಈಗ ಒಂದೇ ಜಡೆ ಉಳೀತು. ಇನ್ನು ನಾವಿಬ್ರೂ ಜಗಳ ಆಡೋಕೆ ದಾರೀನೇ ಇಲ್ಲ."

ಕಿರಿಯವಳು ನಗಲು ಹೋಗಿ ಅತ್ತಳು.

"ನೋಡಿದ್ಯಾ, ಜಡೆ ಇರೋಳೇ ಅಳ್ತಾಳೆ!"

ಮಧ್ಯಾಹ್ನಗಳಲ್ಲಿ ಅಕ್ಕ ಪರದೆಗಳ ರಾಶಿಯ ಮೇಲೆ ಒರಗುತ್ತಿದ್ದಳು. ಕಿಟಕಿಗೆ ನೇತುಹಾಕಿದ ತೆಳುಬಟ್ಟೆಗಳಿಂದ ಸೋಸಿ ಬಂದ ಬೆಳಕು ಕೋಣೆಯನ್ನೆಲ್ಲ ಕೊಳದ ತಳ ಮಾಡುತ್ತಿತ್ತು. ಮೆಷಿನ್ನಿನ ಸದ್ದು ಎಲ್ಲೋ ದೂರ ಹೋಗುವ ದೋಣಿಯದೆಂಬಂತೆ ಕೇಳುತ್ತಿತ್ತು.

"ನಾನು ಮಲಗಿದ್ದೀನಾ, ತೇಲ್ತಿದ್ದೀನಾ?"

"ತೇಲ್ತಿದ್ದೀಯ."

"ಹಾಗಾದ್ರೆ ದಡ ಬಂದಾಗ ಎಬ್ಬಿಸು."

ಎದ್ದವಳು ಮತ್ತೆ ಸೂಜಿ ಹಿಡಿಯುತ್ತಿದ್ದಳು. ಆದರೆ ಔಷಧ ಬೆರಳ ತುದಿಗಳ ಅರಿವನ್ನೂ ತಿಂದುಹಾಕಿತ್ತು. ಕೈಗೆ ದಪ್ಪ ಗವಸು ತೊಟ್ಟ ಹಾಗಿದೆ ಎನ್ನುತ್ತಿದ್ದಳು. ಒಂದು ದಿನ ಬಟ್ಟೆಯ ಜೊತೆ ಬೆರಳ ಚರ್ಮವನ್ನೂ ಸೇರಿಸಿ ಹೊಲಿದುಕೊಂಡಳು. ಬಿಳಿ ಬಟ್ಟೆಯ ಮೇಲೆ ಕೆಂಪು ಹರಡಿದ ಮೇಲೆಯೇ ಅವಳಿಗೆ ಗೊತ್ತಾದದ್ದು. ಅಲ್ಲಿಂದ ಮುಂದೆ ಅವಳ ಹೊಲಿಗೆ ಅಂಚು ಬಿಟ್ಟು ಅಲೆಯತೊಡಗಿತು.

ಅಕ್ಕ ಮನೆಗೆ ಹೊರಟ ಮೇಲೆ ಕಿರಿಯವಳು ಅಂಗಡಿಯ ಬಾಗಿಲು ಮುಂದಕ್ಕೆ ಮಾಡಿ, ಆ ದಿನದ ಹೊಲಿಗೆಯನ್ನೆಲ್ಲ ಬಿಚ್ಚಿ, ಹೊಸದಾಗಿ ಹೊಲಿಯುತ್ತಿದ್ದಳು. ಗಂಡನಿಗೂ ಹೇಳಲಿಲ್ಲ. ಮೊದಮೊದಲು ಗಂಟು ಕತ್ತರಿಸಿ ಒಂದೊಂದೇ ಹೊಲಿಗೆ ಕೀಳಬೇಕಿತ್ತು. ಆಮೇಲಾಮೇಲೆ ದಾರದ ತುದಿಯಲ್ಲಿ ಗಂಟೇ ಇರಲಿಲ್ಲ, ಎಳೆದರೆ ಬರುತ್ತಿತ್ತು. ಪಾಪ, ಗಂಟು ಹಾಕೋದೂ ಮರೆತುಹೋಯ್ತಲ್ಲ ಎಂದುಕೊಳ್ಳುತ್ತಿದ್ದಳು. ಜೊತೆಗೇ ಒಂದು ಭಯ. ಅಕ್ಕನಿಗೆ ಗೊತ್ತಾದರೆ? ಊಟ, ನಿದ್ದೆ, ಕೂದಲು ಎಲ್ಲ ಬಿಟ್ಟುಕೊಟ್ಟವಳು ಇದೊಂದನ್ನು ಹಿಡಿದುಕೊಂಡಿದ್ದಾಳೆ. ಇದೂ ಹೋಯಿತೆಂದು ಗೊತ್ತಾದರೆ?

*

ಮಣ್ಣು ಮುಚ್ಚಿದ ಮೇಲೆ ಜನ ಒಬ್ಬೊಬ್ಬರೇ ಗೇಟಿನತ್ತ ನಡೆದರು. ಭಾವ ಮರದಡಿಯ ಬೆಂಚಿನ ಮೇಲೆ ಕೂತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು, ಕೂತಲ್ಲೂ ಕಾಲು ಬ್ರೇಕಿನ ಮೇಲಿಟ್ಟವನಂತೆ ಚಾಚಿದ್ದ. ಸಂಕೋಚದಿಂದಲೇ ಕಿರಿಯವಳು ಬೆಂಚಿನ ಆ ತುದಿಯಲ್ಲಿ ಕೂತಳು. ಅಕ್ಕನನ್ನು ಕಡೆಯ ತನಕ ಮೋಸಮಾಡಿಯೇ ಕಳಿಸಿದೆನಲ್ಲ ಎಂಬ ಮಾತು ಎದೆಯಲ್ಲಿ ಸಿಕ್ಕಿಕೊಂಡಿತ್ತು.

ಭಾವ ಜೇಬಿಗೆ ಕೈಹಾಕಿದ. ಸಿಗರೇಟು ಬಿಟ್ಟು ವರ್ಷವಾಗಿತ್ತು. ಹೊರಬಂದದ್ದು ಬಟ್ಟೆಯ ಪಟ್ಟಿ. ಅದರ ತುಂಬ ದಾರ ಪೋಣಿಸಿದ ಸೂಜಿಗಳು.

"ಇವತ್ತು ಬೆಳಿಗ್ಗೇನೂ ಪೋಣಿಸಿಬಿಟ್ಟೆ ನೋಡಮ್ಮ. ಅಭ್ಯಾಸ."

"ದಿನಾ ನೀವಾ ಪೋಣಿಸ್ತಿದ್ದದ್ದು?"

"ಇನ್ಯಾರು? ಅವಳ ಬೆರಳಿಗೆ ದಾರ ಎಲ್ಲಿ ಸಿಗ್ತಿತ್ತು? ನಿನಗೆ ಹೇಳಬಾರದು ಅಂತ ಆಣೆ ಬೇರೆ."

ಅವಳು ಪಟ್ಟಿಯನ್ನು ತೆಗೆದುಕೊಂಡು ನೋಡಿದಳು. "ತುದೀಲಿ ಗಂಟು ಹಾಕಿಲ್ಲ ಭಾವ."

"ಮೊದ್ಲು ಹಾಕ್ತಿದ್ದೆ. ಬೈದ್ಲು. 'ಗಂಟು ಹಾಕ್ಬೇಡಿ, ಅವಳಿಗೆ ಬಿಚ್ಚೋಕೆ ಕಷ್ಟ ಆಗುತ್ತೆ' ಅಂದ್ಲು. ಯಾರು ಬಿಚ್ತಾರೋ, ಯಾಕೆ ಬಿಚ್ತಾರೋ, ನಿಮ್ಮ ಕಸುಬು ನನಗೇನು ಗೊತ್ತು? ಸರಿ ಅಂತ ಬಿಟ್ಟೆ."

ಮರದಿಂದ ಒಂದು ಎಲೆ ಬಹಳ ಹೊತ್ತು ಇಳಿಯಿತು.

"ಒಂದ್ಸಲ ಕೇಳ್ದೆ, ಇಷ್ಟು ಸುಸ್ತಿರುವಾಗ ಯಾಕೆ ಹೋಗ್ತೀಯ, ಬರಲ್ಲ ಅಂದ್ಬಿಡು ಅಂತ. 'ಬರಬೇಡ ಅನ್ನೋಕೆ ಅವಳಿಗೆ ಧೈರ್ಯ ಇಲ್ಲ. ಬರಲ್ಲ ಅನ್ನೋಕೆ ನನಗಿಲ್ಲ' ಅಂದ್ಲು." ಭಾವ ಕನ್ನಡಕ ತೆಗೆದು ಅಂಗಿಯಲ್ಲಿ ಒರೆಸಿದ. "ನಿಮ್ಮಿಬ್ಬರ ಲೆಕ್ಕ ನನಗೆ ಯಾವತ್ತೂ ಅರ್ಥ ಆಗ್ಲಿಲ್ಲ."

"ಬನ್ರೀ, ಗಾಡಿ ಹೊರಡುತ್ತೆ! ಇಲ್ಲೇ ಇದ್ದುಬಿಡ್ತೀರಾ?" ಎಂದು ಗೇಟಿನಿಂದ ಕೂಗಿದ ರೇಡಿಯೋ ಅತ್ತೆ, ತಾನು ಅಂದದ್ದು ತನಗೇ ಕೇಳಿಸಿ, ಬಾಯಿ ಮುಚ್ಚಿಕೊಂಡಳು. ಕಿರಿಯವಳಿಗೆ ನಗು ಬಂತು. ಅಕ್ಕನಿಗೆ ಹೇಳಬೇಕು ಎಂದುಕೊಂಡಳು. ಆಮೇಲೆ ಅಳು ಬಂತು.

*

ಅಂಗಡಿಯ ತಿರುವಿನಲ್ಲಿ ಅವಳೊಬ್ಬಳೇ ಇಳಿದಳು.

ಕಿಟಕಿ ಪಕ್ಕದ ಕುರ್ಚಿಯ ಮೇಲೆ ಹೋದ ವಾರ ಅಕ್ಕ ಕಡೆಯದಾಗಿ ಹೊಲಿದ ಪರದೆ, ಬಿಚ್ಚಲು ಪುರಸೊತ್ತಾಗದೆ, ಮಡಿಚಿಟ್ಟ ಹಾಗೇ ಇತ್ತು. ದಪ್ಪ ಬಟ್ಟೆ, ಕಾಫಿಬೀಜದ ಬಣ್ಣ. ಅವಳು ದಾರದ ತುದಿ ಹಿಡಿದು ಎಳೆದಳು. ಎಲ್ಲೂ ತಡೆಯದೆ, ಉಸಿರು ಬಿಟ್ಟಷ್ಟು ಸಲೀಸಾಗಿ, ಇಡೀ ದಾರ ಕೈಗೆ ಬಂತು.

ಹೊಲಿಗೆ ಬಿಚ್ಚಿದ ಮೇಲೆ ಉಗುರಿನಿಂದ ಉಜ್ಜಿ ಸೂಜಿಯ ತೂತುಗಳನ್ನು ಮುಚ್ಚಬೇಕು. ಅವಳು ಉಜ್ಜಲಿಲ್ಲ. ಬಟ್ಟೆಯನ್ನು ಎರಡೂ ಕೈಯಲ್ಲಿ ಎತ್ತಿ ಕಿಟಕಿಗೆ ಹಿಡಿದಳು. ಇಳಿಬಿಸಿಲು ಒಂದೊಂದು ತೂತಿನಲ್ಲೂ ಹೊತ್ತಿಕೊಂಡಿತು. ಚುಕ್ಕೆಗಳ ಸಾಲು ಸ್ವಲ್ಪ ದೂರ ನೇರ ಹೋಗಿ, ಮೇಲಕ್ಕೆ ಹತ್ತಿ, ಒಂದೆಡೆ ದಣಿವಾರಿಸಿಕೊಳ್ಳಲು ಕೂತಂತೆ ಗುಂಪಾಗಿ, ಮತ್ತೆ ಎದ್ದು, ಬಟ್ಟೆಯ ಆ ತುದಿಯವರೆಗೂ ನಡೆದಿತ್ತು.